ನಮ್ಮ ಕರೆಂಟಿನ ಮೂಲ ನೋಡಲು ಹೋಗುವವರಿಗೆ

ರಜೆ ಬಂದರೆ ಬೆಂಗಳೂರಿಗರು ಕೊಡಗು, ಗೋಕರ್ಣ ಅಂತ ಹೊರಡುತ್ತಾರೆ. ಒಂದು ಸಲವಾದರೂ ಕಲ್ಲಿದ್ದಲಿನ ಊರಿಗೆ ಹೋಗಿ ಬನ್ನಿ ಅನ್ನುವುದು ನನ್ನ ಕೋರಿಕೆ. ತೆಲಂಗಾಣದ ಕೊತ್ತಗೂಡೆಂ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ದಾರಿಯ ಯೆಲ್ಲಂದು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಮ್ಮ ಬಂಡೆಗಳಿಗೆ ವಯಸ್ಸು ಜಾಸ್ತಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ಆಗ ನೆಲದ ಮೇಲೆ ಗಿಡಮರವೇ ಹುಟ್ಟಿರಲಿಲ್ಲ. ಗೋದಾವರಿ ಕಣಿವೆಯ ಕಲ್ಲಿದ್ದಲು 25-30 ಕೋಟಿ ವರ್ಷದ ಹಿಂದಿನ ಜವುಗು ಕಾಡು. ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ಈ ಭಾಗದ ಸರ್ಕಾರಿ ಕಂಪನಿ ಸಿಂಗರೇಣಿಯ ಗಣಿಗಳಿಂದಲೂ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಸುಡಬೇಕು. 210 ಮೆಗಾವಾಟ್‌ನ ಒಂದು ಘಟಕ ದಿನವಿಡೀ ಪೂರ್ತಿ ಓಡಿದರೆ 50 ಲಕ್ಷ ಯೂನಿಟ್, ಅಂದರೆ 3,500 ಟನ್. 58 ವ್ಯಾಗನ್ನಿನ ಒಂದು ಗೂಡ್ಸ್ ರೈಲು ಒಂದೇ ದಿನಕ್ಕೆ ಖಾಲಿ. ಶರಾವತಿಯ ನೀರು, ಪಾವಗಡದ ಬಿಸಿಲು ನಮಗೆ ಕರೆಂಟು ಕೊಡುತ್ತವೆ, ನಿಜ. ಆದರೆ ಬೇಸಿಗೆಯಲ್ಲಿ ಜಲಾಶಯ ತಳ ಕಂಡು, ಹೊತ್ತು ಮುಳುಗಿದ ಮೇಲೆ ಭಾರವೆಲ್ಲ ಕಲ್ಲಿದ್ದಲಿನ ಮೇಲೆ.

ಮೊದಲು ಯೆಲ್ಲಂದು ನೋಡಿ. 1871ರಲ್ಲಿ ಭೂಗರ್ಭ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಈ ಭಾಗದಲ್ಲಿ ಕಲ್ಲಿದ್ದಲು ಗುರುತಿಸಿದರು. 1889ರಲ್ಲಿ ಗಣಿ ಶುರುವಾಯಿತು. ಸುತ್ತಲಿನವರು ಊರನ್ನು ಇವತ್ತಿಗೂ ಬೊಗ್ಗುಟ್ಟ, ಅಂದರೆ ತೆಲುಗಿನಲ್ಲಿ ಕಲ್ಲಿದ್ದಲಿನ ಗುಡ್ಡ, ಅನ್ನುತ್ತಾರೆ. ಸಿಂಗರೇಣಿಯಲ್ಲಿ ಒಂದು ಕಾಲಕ್ಕೆ ಲಕ್ಷ ದಾಟಿದ್ದ ಕೆಲಸಗಾರರ ಸಂಖ್ಯೆ ಈಗ ಅದರ ಅರ್ಧಕ್ಕೂ ಕಡಿಮೆ. ಒಳಗಣಿ ಮುಚ್ಚಿ ಓಪನ್‌ಕಾಸ್ಟ್, ಅಂದರೆ ಮೇಲಿನಿಂದಲೇ ಅಗೆಯುವ ತೆರೆದ ಗಣಿ, ಬಂದಾಗ ನೂರು ಕೈಯ ಕೆಲಸವನ್ನು ಒಂದು ಶವೆಲ್ ಯಂತ್ರ, ನಾಲ್ಕು ಡಂಪರ್ ಮಾಡುತ್ತವೆ. ಮೇಲುಮಣ್ಣು ತೆಗೆಯುವ ಕೆಲಸವೂ ಬಹುಪಾಲು ಗುತ್ತಿಗೆದಾರರ ಕೈಯಲ್ಲಿ. ಕಾಯಂ ನೌಕರನಿಗೆ ಕ್ವಾರ್ಟರ್ಸ್, ಆಸ್ಪತ್ರೆ, ದಸರೆ ಹೊತ್ತಿಗೆ ಲಾಭದಲ್ಲಿ ಪಾಲು. ಗುತ್ತಿಗೆಯವನ ಸಂಬಳ ಅದರ ಹತ್ತಿರಕ್ಕೂ ಬರುವುದಿಲ್ಲ. ಇದು ಅನ್ಯಾಯ ಅಂತ ನನ್ನ ಖಚಿತ ಅಭಿಪ್ರಾಯ. 2011ರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ 35 ದಿನ ಗಣಿ ನಿಲ್ಲಿಸಿದ ಊರುಗಳಿವು. ರಾಜಕೀಯ ಮಾತಾಡಲು ಯಾರೂ ಹಿಂಜರಿಯುವುದಿಲ್ಲ, ಕೂತು ಕೇಳಿಸಿಕೊಳ್ಳಿ.

ಹೋಗುವ ದಾರಿ: ಬೆಂಗಳೂರಿನಿಂದ ಹೈದರಾಬಾದ್, ಸಿಕಂದರಾಬಾದಿನಿಂದ ರೈಲಿನಲ್ಲಿ ‘ಭದ್ರಾಚಲಂ ರೋಡ್’. ಕೊತ್ತಗೂಡೆಂ ನಿಲ್ದಾಣದ ಹೆಸರೇ ಅದು. ರಾಮನ ದೇವಸ್ಥಾನ ಅಲ್ಲೇ ಇದೆ ಅಂದುಕೊಂಡು ಇಳಿದವರು ಪೇಚಿಗೆ ಬೀಳುತ್ತಾರೆ. ಭದ್ರಾಚಲ ಇರುವುದು ಗೋದಾವರಿಯ ಆಚೆ ದಡದಲ್ಲಿ, ಇನ್ನೂ ಸುಮಾರು 40 ಕಿ.ಮೀ. ಮಧ್ಯೆ ಪಾಲ್ವಂಚದ ಉಷ್ಣ ಸ್ಥಾವರ, ಅದರ ಹತ್ತಿರ ಕಿನ್ನೆರಸಾನಿ ಅಣೆಕಟ್ಟು, ಕಾಡು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಬಿಸಿಲು ತಡೆಯಲಾಗದು. ಮಳೆಗಾಲದಲ್ಲಿ ಡಂಪರ್ ದಾರಿ ಕೆಸರಾಗಿ ಜಾರುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಕೆಲಸವೇ ಕುಂಟುತ್ತದೆ.

ಗಣಿಯ ಒಳಗೆ ಸುಮ್ಮನೆ ಬಿಡುವುದಿಲ್ಲ. ಸಿಂಗರೇಣಿಯ ಏರಿಯಾ ಜನರಲ್ ಮ್ಯಾನೇಜರ್ ಕಚೇರಿಗೆ ಮುಂಚಿತವಾಗಿ ಪತ್ರ ಬರೆಯಿರಿ, ಗುರುತಿನ ಚೀಟಿಯ ಪ್ರತಿ ಇಡಿ. ಕಾಲೇಜು ಅಥವಾ ಸಂಸ್ಥೆಯ ಪತ್ರ ಇದ್ದರೆ ಕೆಲಸ ಸುಲಭ. 2022ರ ಕೊನೆಯಲ್ಲಿ ತೆಲಂಗಾಣ ಸಾರಿಗೆ ಸಂಸ್ಥೆ ಹೈದರಾಬಾದಿನಿಂದ ಸಿಂಗರೇಣಿ ದರ್ಶನ ಬಸ್ ಶುರು ಮಾಡಿತ್ತು. ಈಗ ಓಡುತ್ತಿದೆಯೇ ಎಂದು ವಿಚಾರಿಸಿಯೇ ಯೋಜನೆ ಹಾಕಿ.

ಒಳಗೆ ಇಳಿಯುವ ಅವಕಾಶ ಸಿಕ್ಕರೆ ಹತ್ತಿ ಬಟ್ಟೆ ತೊಡಿ. ಬೀಡಿ, ಬೆಂಕಿಪೊಟ್ಟಣ, ಲೈಟರ್, ಮೊಬೈಲ್, ಬ್ಯಾಟರಿ ವಾಚು ಎಲ್ಲ ಮೇಲೆಯೇ. ಇದು ಬರೀ ಶಿಸ್ತಿನ ಮಾತಲ್ಲ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಬೆರೆತರೆ ಒಂದು ಕಿಡಿಗೆ ಸಿಡಿಯುತ್ತದೆ. ಮೀಥೇನ್ ಹಗುರ, ಚಾವಣಿಗೆ ಹತ್ತಿ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಭಾರ, ನೆಲ ಹಿಡಿಯುತ್ತದೆ. ಅದಕ್ಕೇ ಹಳೆಯ, ಮುಚ್ಚಿದ ಇಂಕ್ಲೈನ್ (ಗಣಿಗೆ ಇಳಿಯುವ ಇಳಿಜಾರು ಸುರಂಗ) ಕಂಡರೆ ತಲೆ ಹಾಕಿ ಇಣುಕಬೇಡಿ. ಉಸಿರಾಡುವ ಗಾಳಿ ಅಲ್ಲಿ ಇರದೇ ಹೋಗಬಹುದು, ಕಣ್ಣಿಗೆ ಅದು ಕಾಣುವುದಿಲ್ಲ.

ಹೊರಗೂ ಎಚ್ಚರ ಬೇಕು. ಮೇಲುಮಣ್ಣಿನ ಗುಡ್ಡ ಹತ್ತಿ ಸೆಲ್ಫಿ ತೆಗೆಯಬೇಡಿ. ಅದು ಸುರಿದ ಸಡಿಲ ಮಣ್ಣು, ಮಳೆ ನೀರು ಇಳಿದಿದ್ದರೆ ಕಾಲಡಿಯೇ ಜಾರುತ್ತದೆ. ಓಪನ್‌ಕಾಸ್ಟಿನಲ್ಲಿ ಸೈರನ್ ಕೂಗಿತೆಂದರೆ ಸ್ಫೋಟಕ್ಕೆ ಮುಂಚಿನ ಎಚ್ಚರಿಕೆ, ಕಾವಲುಗಾರ ಹೇಳಿದಷ್ಟು ದೂರ ಸರಿಯಿರಿ. ಕಲ್ಲಿದ್ದಲಿನ ರಾಶಿಯಿಂದ ಹೊಗೆ ಬಂದರೆ ಯಾರೋ ಬೆಂಕಿ ಇಟ್ಟಿದ್ದಲ್ಲ. ಗಾಳಿಯ ಆಮ್ಲಜನಕ ಹೀರಿ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಹಳ ದಿನ ಬಿದ್ದ ರಾಶಿಗೆ ಇದೇ ದೊಡ್ಡ ಕಾಟ.

ಕಾಲೊನಿಯಲ್ಲಿ ಮಧ್ಯಾಹ್ನ ಬಾಗಿಲು ಬಡಿಯಬೇಡಿ. ರಾತ್ರಿ ಪಾಳಿ ಮುಗಿಸಿದವರು ಮಲಗಿರುತ್ತಾರೆ. ಸಂಜೆ ಟೀ ಅಂಗಡಿಯಲ್ಲಿ ‘ಅಣ್ಣಾ’ ಅಂತ ಮಾತು ತೆಗೆದರೆ ಸಾಕು, ಹರಕು ತೆಲುಗು ಆದರೂ ನಡೆಯುತ್ತದೆ. ಕಪ್ಪು ಮುಖದ ಫೋಟೋ ಬೇಕೆಂದು ಪಾಳಿ ಮುಗಿಸಿ ಬಂದವರ ಎದುರು ಕ್ಯಾಮೆರಾ ಹಿಡಿಯುವುದು ನನಗೆ ಸಹಿಸಲಾಗದ ಸಂಗತಿ. ಅವರಿಗೆ ಆಗ ಬೇಕಿರುವುದು ಸ್ನಾನ. ಸುತ್ತಲಿನ ಕಾಡಿನೂರುಗಳು ಕೋಯ ಆದಿವಾಸಿಗಳವು, ಅಲ್ಲಿ ಕೇಳದೆ ಅಂಗಳಕ್ಕೂ ಕಾಲಿಡಬೇಡಿ.

ವಾಪಸು ಬರುವಾಗ ಹೈದರಾಬಾದಿನಿಂದ ರಾಯಚೂರು ರಸ್ತೆ ಹಿಡಿಯಿರಿ. ಕೃಷ್ಣಾ ಸೇತುವೆ ಹತ್ತಿರವಾಗುತ್ತಿದ್ದಂತೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲು ಬೂದಿ. ಅದರಲ್ಲಿ ಒಂದಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ, ಉಳಿದದ್ದು ಬೂದಿ ಹೊಂಡಕ್ಕೆ. ಆ ಹೊಂಡದ ಪಕ್ಕದ ಹಳ್ಳಿಯವರನ್ನೂ ಮಾತಾಡಿಸಿ ಬನ್ನಿ.