ನೀರ ನೋಡಾಕ ಹೊಂಟೇವ್ರಿ

ಜುಲೈ ತಿಂಗಳಲ್ಲಿ ಪೇಪರ್ ಓದುವ ಮಜವೇ ಬೇರೆ. ಮೂರನೇ ಪುಟದಲ್ಲಿ ‘ಮೈದುಂಬಿ ಧುಮ್ಮಿಕ್ಕುವ ಜಲಪಾತ, ಕೈಬೀಸಿ ಕರೆಯುವ ಮಲೆನಾಡು’ ಎಂದು ನಾಲ್ಕು ಕಾಲಮ್ಮಿನ ಫೋಟೊ. ಐದನೇ ಪುಟದ ಕೆಳಗೆ, ಟೆಂಡರ್ ಪ್ರಕಟಣೆಯ ಪಕ್ಕ, ‘ಜಲಪಾತಗಳಿಗೆ ಪ್ರವಾಸಿಗರ ನಿರ್ಬಂಧ: ಜಿಲ್ಲಾಡಳಿತ ಆದೇಶ’. ಹುಬ್ಬಳ್ಳಿ ಮನುಷ್ಯ ಎರಡನ್ನೂ ತಪ್ಪದೆ ಓದುತ್ತಾನೆ. ಮೊದಲನೆಯದನ್ನು ಓದಿದಾಗ ಒಮ್ಮೆ ಹೋಗಬೇಕು ಅನಿಸುತ್ತದೆ. ಎರಡನೆಯದನ್ನು ಓದಿದಾಗ ಇದೇ ರವಿವಾರ ಹೋಗಬೇಕು ಅನಿಸುತ್ತದೆ. ಬಂದ್ ಮಾಡುವಷ್ಟು ನೀರು ಬಂದಿದೆ ಅಂತ ಸರ್ಕಾರವೇ ಬರೆದುಕೊಟ್ಟ ಮೇಲೆ ಇನ್ನು ಯಾರನ್ನು ಕೇಳಬೇಕು? ಇದು ಆರನೇ ಗ್ಯಾರಂಟಿ.

ಹೀಗಾಗಿ ರವಿವಾರ ನಸುಕಿಗೇ ಹುಬ್ಬಳ್ಳಿ ಎದ್ದು ಕಾರವಾರ ರೋಡಿಗೆ ಬಂದಿರುತ್ತದೆ. ಧಾರವಾಡ ಹಳಿಯಾಳ ರೋಡು ಹಿಡಿಯುತ್ತದೆ. ಹಾವೇರಿಯವರು ಹಾನಗಲ್ಲ ದಾಟಿ ಶಿರಸಿ ಕಡೆ ಮುಖ ಮಾಡುತ್ತಾರೆ. ಗದಗಿನವರಿಗೆ ದಾರಿ ಉದ್ದ, ಅವರು ಶನಿವಾರ ರಾತ್ರಿಯೇ ಕ್ರೂಸರ್ ಹತ್ತಿ ನಿದ್ದೆಯನ್ನು ಅದರೊಳಗೇ ಮುಗಿಸುತ್ತಾರೆ. ಗದಗಿನವರಿಗೆ ನಾನು ಏನೂ ಅನ್ನುವುದಿಲ್ಲ. ಅವರ ಕಪ್ಪತಗುಡ್ಡವನ್ನು ನಾವೇ ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಅಂತ ಹೊಗಳಿ ಅಟ್ಟಕ್ಕೇರಿಸಿದ್ದೇವೆ. ಅಲ್ಲಿ ಔಷಧಿ ಗಿಡ ಉಂಟು, ಸಾಲುಗಟ್ಟಿ ನಿಂತ ಗಾಳಿಯಂತ್ರ ಉಂಟು, 2019ರಿಂದ ವನ್ಯಧಾಮದ ಪಟ್ಟವೂ ಉಂಟು. ಧುಮ್ಮಿಕ್ಕುವುದು ಮಾತ್ರ ಗಾಳಿ.

ಗಾಡಿಯೊಳಗೆ ಏನೇನಿರುತ್ತದೆ ನೋಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣಗಾಯಿ, ಮೊಸರನ್ನದ ಬುತ್ತಿ. ನೀರಿನ ಸದ್ದು ಕೇಳಬಾರದೆಂದು ಒಂದು ಬ್ಲೂಟೂತ್ ಸ್ಪೀಕರ್. ಡಿಕ್ಕಿಯಲ್ಲಿ ರೊಕ್ಕ ಕೊಟ್ಟು ತುಂಬಿಸಿದ 20 ಲೀಟರಿನ ಎರಡು ನೀರಿನ ಕ್ಯಾನು. ನೀರು ನೋಡಲು ಹೊರಟವರು ನೀರನ್ನು ಕೊಂಡು, ಹೊತ್ತುಕೊಂಡು, ಘಟ್ಟದವರೆಗೆ ಸಾಗಿಸುವ ಈ ಪದ್ಧತಿ ಬೇರೆ ಯಾವ ನಾಡಿನಲ್ಲಿದೆಯೋ ನಾನರಿಯೆ.

ನಮ್ಮವರ ಮೊದಲ ಆಯ್ಕೆ ಯಲ್ಲಾಪುರದ ಆಚೆಗಿನ ಮಾಗೋಡು. ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ 90 ಕಿಲೊಮೀಟರ್. ಬೇಡ್ತಿ ನದಿ ಅಲ್ಲಿ ಎರಡು ಹೆಜ್ಜೆಯಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ನಾವು ಕಣಿವೆಯ ಈಚೆ ದಂಡೆಯಲ್ಲಿ, ಕಬ್ಬಿಣದ ಕಟಕಟೆಯ ಹಿಂದೆ ನಿಂತು ನೋಡಬೇಕು. ಇದು ನಮ್ಮವರಿಗೆ ಒಗ್ಗುವುದಿಲ್ಲ.

‘ಸರ್ರ, ಇಲ್ಲಿ ಕೆಳಗ ಇಳ್ಯಾಕ ದಾರಿ ಇಲ್ಲೇನ್ರಿ?’

‘ಇಳಿಲಿಕ್ಕೆ ಬಿಡೂದಿಲ್ಲ. ಇಲ್ಲಿಂದಲೇ ನೋಡಬೇಕು.’

‘ನೋಡಾಕಷ್ಟ ಆದ್ರ ಮನ್ಯಾಗ ಟಿವಿ ಇರಲಿಲ್ಲೇನ್ರಿ?’

ಪಾಪ, ಟಿವಿಯಲ್ಲಾದರೆ ಕಾಣಿಸುತ್ತಿತ್ತು. ಆಷಾಢದ ಮಳೆಯಲ್ಲಿ ಮಾಗೋಡಿನ ಕಣಿವೆಗೆ ಮಂಜು ತುಂಬಿದರೆ ಜಲಪಾತವೂ ಇಲ್ಲ, ಕಣಿವೆಯೂ ಇಲ್ಲ, ಬರೀ ಬಿಳಿ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಮುಂದೆ ನಿಂತಂತೆ ಜನ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಬ್ಬರು ಹೆಂಡತಿಯನ್ನು ಎಡಕ್ಕೆ ಸರಿಸಿದರು, ‘ಫಾಲ್ಸ್ ಅಡ್ಡ ಬರಾಕತ್ತಿ’ ಅಂತ. ಆಕೆ ಹಿಂದೆ ತಿರುಗಿ ನೋಡಿದಳು, ಏನೂ ಕಾಣಲಿಲ್ಲ, ಆದರೂ ಸರಿದಳು. ಅವಳ ಬಿಳಿ ಚಪ್ಪಲಿಯ ಪಟ್ಟಿಯ ಮೇಲೆ ಒಂದು ಇಂಬಳ ನಿಧಾನಕ್ಕೆ ತಲೆ ಎತ್ತಿ, ಬಾಗಿ, ಮತ್ತೆ ತಲೆ ಎತ್ತಿ ಕಾಲುಬೆರಳಿನ ದಾರಿ ಹುಡುಕುತ್ತಿತ್ತು. ಇಡೀ ವ್ಯೂ ಪಾಯಿಂಟಿನಲ್ಲಿ ಗುರಿ ಮುಟ್ಟಿದ ಪ್ರವಾಸಿ ಅದೊಂದೇ. ಆಮೇಲೆ ಎದ್ದ ಗದ್ದಲದಲ್ಲಿ ಯಾರದೋ ಕಿಸೆಯಿಂದ ತಂಬಾಕು ಬಂತು, ಇಂಬಳ ಉದುರಿತು. ತಂಬಾಕಿನಿಂದ ಆರೋಗ್ಯಕ್ಕೆ ಒಳ್ಳೆಯದಾದ ಪ್ರಸಂಗ ನಾನು ಕಂಡದ್ದು ಅಲ್ಲಿಯೇ.

ಮಂಜಿನ ಹಿಂದೆ ಬೀಳುತ್ತಿರುವ ಆ ನೀರು ಯಾವ ಊರಿನದು ಎಂದು ಕೇಳಿದರೆ ಕತೆ ಇನ್ನೂ ರುಚಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಸೀಮೆಯಲ್ಲಿ ಹುಟ್ಟುವ ಬೇಡ್ತಿ ಹಳ್ಳ, ಎರಡೂ ಕಲಘಟಗಿ ಕಡೆ ಕೂಡಿಕೊಂಡು, ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಬಿದ್ದು, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತವೆ. ಅಂದರೆ ನಾವು ಪೆಟ್ರೋಲು ಸುಟ್ಟು, ಇಂಬಳ ಕಚ್ಚಿಸಿಕೊಂಡು, ಬೇಲಿಗೆ ಆತು ನಿಂತು ನೋಡುವುದು ನಮ್ಮೂರಿನ ಹಳ್ಳವನ್ನು. ಅದೇ ಹಳ್ಳ ಹುಬ್ಬಳ್ಳಿಯಲ್ಲಿದ್ದಾಗ ಅದರ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಊರಿನ ಗಟಾರದ ನೀರು ಬಂದು ಹಳ್ಳ ಕೆಟ್ಟಿತು ಎಂಬ ಕಲಘಟಗಿ ಕಡೆಯ ರೈತರ ತಕರಾರು ಇವತ್ತಿನದಲ್ಲ. ನೀವು ಸೋಮವಾರ ನಾಲಾಕ್ಕೆ ಎಸೆದ ಮಿರ್ಚಿಯ ಕ್ಯಾರಿಬ್ಯಾಗು ನಿಮಗಿಂತ ಆರು ದಿನ ಮೊದಲೇ ಮಾಗೋಡಿಗೆ ಹೊರಟಿರುತ್ತದೆ. ಗಾಡಿ ಬಾಡಿಗೆ ಇಲ್ಲ, ಪಾರ್ಕಿಂಗ್ ಇಲ್ಲ, ನಿರ್ಬಂಧದ ಆದೇಶವೂ ಅದಕ್ಕೆ ಲಾಗೂ ಆಗುವುದಿಲ್ಲ.

ಈ ವಿಷಯ ಎತ್ತಿದರೆ ಧಾರವಾಡದವರು ಮಾತ್ರ ಸಿಟ್ಟಿಗೇಳುತ್ತಾರೆ. ಅವರ ಪ್ರಕಾರ ಬೀಳುವ ನೀರು ಶಾಲ್ಮಲೆಯದು, ನೊರೆ ಹುಬ್ಬಳ್ಳಿಯದು.

ಇದೇ ಬೇಡ್ತಿಯನ್ನು ವರದಾ ನದಿಗೆ ಜೋಡಿಸಿ ಹಾವೇರಿ, ಗದಗ ಕಡೆಗೆ ತರಬೇಕು ಎಂಬ ಯೋಜನೆ ವರ್ಷಗಟ್ಟಲೆಯಿಂದ ಕಾಗದದ ಮೇಲೆ ಹರಿಯುತ್ತಿದೆ. ತರಲೇಬೇಕು ಎಂದು ಹಾವೇರಿಯಲ್ಲಿ ಹೋರಾಟ, ಕಾಡು ತೋಟ ಮುಳುಗಿಸಬೇಡಿ ಎಂದು ಶಿರಸಿ, ಯಲ್ಲಾಪುರದಲ್ಲಿ ಹೋರಾಟ. ಶಿರಸಿಯವರಿಗೆ ಇದರಲ್ಲಿ ಅನುಭವ ಉಂಟು. 80ರ ದಶಕದ ಆರಂಭದಲ್ಲಿ ಬೇಡ್ತಿಗೆ ವಿದ್ಯುತ್ ಯೋಜನೆ ಬರಲಿದ್ದಾಗ ಅಡಕೆ ತೋಟದ ಮಂದಿ ವಿಜ್ಞಾನಿಗಳನ್ನು ಕರೆಸಿ, ಲಾಭ ನಷ್ಟದ ಲೆಕ್ಕ ಹಾಕಿಸಿ, ಸರ್ಕಾರದ ಕೈ ಕಟ್ಟಿದ್ದರು. ಈಗ ಸೋಮವಾರದಿಂದ ಶನಿವಾರದವರೆಗೆ ಎರಡೂ ಕಡೆಯವರು ಮನವಿ ಪತ್ರ ಬರೆಯುತ್ತಾರೆ. ರವಿವಾರ ಹಾವೇರಿಯ ಗಾಡಿಗೆ ಯಲ್ಲಾಪುರದವರು ಚಹಾ, ಬನ್ಸು ಮಾರುತ್ತಾರೆ. ನದಿ ಜೋಡಣೆ ಇಷ್ಟಂತೂ ಆಗಿದೆ.

ಮಾಗೋಡಿನಲ್ಲಿ ಇಳಿಯಲು ಆಗದ ಸಿಟ್ಟನ್ನು ಜನ ಸಾತೊಡ್ಡಿಯಲ್ಲಿ ತೀರಿಸಿಕೊಳ್ಳುತ್ತಾರೆ. ಅದು 15 ಮೀಟರಿನ ಸಣ್ಣ ಜಲಪಾತ, ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿನ ಬದಿಗೆ. ಅಲ್ಲಿ ಮರಕ್ಕೆ ಹೊಡೆದ ಫಲಕದಲ್ಲಿ ಏನೇನು ಮಾಡಬಾರದೆಂಬ ಉದ್ದನೆಯ ಪಟ್ಟಿ. ಒದ್ದೆ ಬನಿಯನ್ನು ಒಣಹಾಕಲು ಅದಕ್ಕಿಂತ ಒಳ್ಳೆ ಜಾಗ ಕಾಡಿನಲ್ಲಿ ಇನ್ನೊಂದಿಲ್ಲ. ‘ಈಜುವುದನ್ನು’ ಎಂಬ ಪದದ ಮೇಲೆ ಬನಿಯನ್ನು ಹರಡಿರುವುದರಿಂದ ಕೆಳಗೆ ‘ನಿಷೇಧಿಸಲಾಗಿದೆ’ ಅಷ್ಟೇ ಕಾಣುತ್ತದೆ. ಏನನ್ನು ನಿಷೇಧಿಸಲಾಗಿದೆ ಎಂದು ಸಾಲಿನಲ್ಲಿ ಇಲ್ಲದ ಮೇಲೆ ಜನರದೇನು ತಪ್ಪು?

ಜೋಗದ ಕತೆ ಬೇರೆ. ಅಲ್ಲಿಗೆ ಹೋಗುವ ಮುಂಚೆ ಫೋನು ಹಚ್ಚಿ ‘ನೀರು ಬಿಟ್ಟಾರೇನ್ರಿ?’ ಅಂತ ಕೇಳಬೇಕು. ಶರಾವತಿ 253 ಮೀಟರ್ ಕೆಳಗೆ ಜೋರಾಗಿ ಬೀಳಬೇಕೋ, ಬಂಡೆಗೆ ಅಂಟಿಕೊಂಡು ಜಿನುಗಬೇಕೋ ಎಂಬುದನ್ನು ತೀರ್ಮಾನಿಸುವುದು ಲಿಂಗನಮಕ್ಕಿ ಅಣೆಕಟ್ಟು. 1964ರಿಂದಲೂ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಅದರ ಗೇಟಿನ ಕೈಯಲ್ಲಿ. ಜಲಾಶಯ 1819 ಅಡಿಗೆ ತುಂಬಿದರೆ ಮಾತ್ರ ಅವರಿಗೆ ಪೂರ್ತಿ ವೈಭವ, ಉಳಿದಂತೆ ನೀರು ಪೈಪಿನಲ್ಲಿ ಇಳಿದು ಕರೆಂಟು ಆಗುತ್ತದೆ. ಶಿವಮೊಗ್ಗದವರಿಗೆ ಇದು ಬೇಸರದ ಸಂಗತಿ ಇರಬಹುದು. ಹುಬ್ಬಳ್ಳಿಯವರಿಗೆ ಜೋಗದಲ್ಲಿ ತವರಿಗೆ ಬಂದಷ್ಟು ಸಮಾಧಾನ. ರಾಜನಿಗೂ ಒಬ್ಬ ನೀರು ಬಿಡುವವನು ಇದ್ದಾನಲ್ಲ!

ಇನ್ನು ದೂಧಸಾಗರ. ಗೋವಾ ಗಡಿಯಲ್ಲಿ 310 ಮೀಟರ್, ನಾಲ್ಕು ಹಂತ, ಎದುರಿಗೆ ರೈಲು ಸೇತುವೆ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲಿ. ಜಗತ್ತಿನಲ್ಲೇ ಉದ್ದವಾದ, 1507 ಮೀಟರಿನ ಪ್ಲಾಟ್‌ಫಾರ್ಮು ಇರುವುದೂ ನಮ್ಮಲ್ಲೇ, 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. ಇಷ್ಟು ಉದ್ದದ ಪ್ಲಾಟ್‌ಫಾರ್ಮು ನಡೆದು ನಡೆದು ಸಾಕಾಗಿಯೋ ಏನೋ, ಜನ ಪ್ಲಾಟ್‌ಫಾರ್ಮು ಇಲ್ಲದ ಕಡೆ ಇಳಿದು ಹಳಿ ಹಿಡಿದು ನಡೆಯತೊಡಗಿದರು. ಅದೇ ವರ್ಷ ಜುಲೈನ ಒಂದು ರವಿವಾರ ನೂರಾರು ಮಂದಿ ಚಾರಣಿಗರನ್ನು ಪೊಲೀಸರು ಹಳಿಯ ಪಕ್ಕ ನಿಲ್ಲಿಸಿ ಬಸ್ಕಿ ಹೊಡೆಸಿದರು. ಕಿವಿ ಹಿಡಿದುಕೊಂಡು ಏಳುವುದು, ಕೂರುವುದು, ಎಲ್ಲ ವಿಡಿಯೊ ಆಯಿತು. ಜಲಪಾತದ ರೀಲ್ಸ್ ಮಾಡಲು ಹೋದವರು ಬಸ್ಕಿಯ ರೀಲ್ಸಿನಲ್ಲಿ ದೇಶಕ್ಕೆಲ್ಲ ಪರಿಚಯವಾದರು. ದೂಧಸಾಗರವನ್ನು ಬೋಗಿಯ ಒಳಗೆ ಕುಳಿತೇ ಆನಂದಿಸಿ ಎಂದು ರೈಲ್ವೆ ಇಲಾಖೆ ವಿನಂತಿ ಮಾಡಿತು. ಮಾತು ಸರಿಯೇ. ಆದರೆ ಆ ಬದಿಯ ಕಿಟಕಿಗೆ ಆಗಲೇ ನಾಲ್ಕು ತಲೆ, ಆರು ಮೊಬೈಲು. ಕಿಟಕಿ ಸೀಟಿನವನಿಗೆ ಕಾಣುವುದು ಹಿಂದಿನವರ ಮೊಣಕೈ.

ಬಸ್ಕಿ ಹೊಡೆದವರಲ್ಲಿ ನವಲಗುಂದ, ನರಗುಂದದವರು ಯಾರಾದರೂ ಇದ್ದರೋ ಏನೋ. ಇದ್ದಿದ್ದರೆ ಅವರ ಬಗ್ಗೆ ನನಗೆ ವಿಶೇಷ ಮರುಕ. ಯಾಕೆಂದರೆ ದೂಧಸಾಗರದಲ್ಲಿ ಬೀಳುವುದು ಮಹದಾಯಿ ಕಣಿವೆಯ ನೀರು. ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಿ ಎಂದು ನರಗುಂದದ ರೈತರು 2015ರಲ್ಲಿ ಧರಣಿಗೆ ಕುಳಿತರು. ಬಂದ್ ಆಯಿತು, ಲಾಠಿ ಆಯಿತು, ಕೇಸು ಆಯಿತು, ಬೆಂಗಳೂರಿನಿಂದ ಸಿನಿಮಾದವರು ಬಂದು ಹೋದದ್ದೂ ಆಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಎಂದಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ಕಳಸಾದಿಂದ 1.72, ಬಂಡೂರಿಯಿಂದ 2.18. ಒಂದು ಟಿಎಂಸಿ ಅಂದರೆ 2,800 ಕೋಟಿ ಲೀಟರಿಗೂ ಮಿಕ್ಕು, ನಿಮ್ಮ ಬ್ಯಾರಲ್ಲಿನ ಲೆಕ್ಕಕ್ಕೆ ಹಾಕಿಕೊಳ್ಳಿ. ಪಟಾಕಿ ಹೊಡೆದೆವು. 2020ರಲ್ಲಿ ಅಧಿಸೂಚನೆ ಬಂತು, ಮತ್ತೊಮ್ಮೆ ಹೊಡೆದೆವು. 2022ರ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು, ಪೇಡೆ ಹಂಚಿದೆವು. ಆಮೇಲೆ ಅರಣ್ಯ, ವನ್ಯಜೀವಿ, ಕೋರ್ಟು ಎಂದು ಕಡತ ಒಂದೊಂದೇ ಹಂತದಲ್ಲಿ ಬೀಳತೊಡಗಿತು. ದೂಧಸಾಗರಕ್ಕೆ ನಾಲ್ಕೇ ಹಂತ. ನೀರು ಬರಲಿಲ್ಲ ಅಂತ ನಾವೇ ನೀರಿದ್ದಲ್ಲಿಗೆ ಹೋದರೆ ಬಸ್ಕಿ.

ಊರಿನ ಸ್ಥಿತಿಯನ್ನೂ ಹೇಳಬೇಕು. 2008ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಅವಳಿನಗರದ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಬಿಟ್ಟು ತೋರಿಸಿದರು. ಪ್ರಯೋಗ ಯಶಸ್ವಿ. ದೇಶದ ಎಲ್ಲೆಲ್ಲಿಂದಲೋ ಅಧಿಕಾರಿಗಳು ಬಂದು, ನಳ ತಿರುಗಿಸಿ, ನೀರು ಬರುವುದನ್ನು ಕಣ್ಣಾರೆ ಕಂಡು, ಫೋಟೊ ತೆಗೆಸಿಕೊಂಡು ಹೋದರು. ಆ ವಾರ್ಡಿನ ವರನಿಗೆ ಕನ್ಯೆ ಸಿಗುವುದು ಸಲೀಸಾಯಿತು. ನಮ್ಮ ಓಣಿಗೆ ಮಾತ್ರ ನೀರು ವಾರಕ್ಕೊಮ್ಮೆ, ಅದೂ ಯಾವ ಹೊತ್ತಿಗೆ ಎಂಬುದು ವಾಲ್ವಮನ್ನಿಗೆ ಬಿಟ್ಟದ್ದು. ಶಾಸಕರ ನಂಬರು ಇಲ್ಲದವರ ಮೊಬೈಲಿನಲ್ಲೂ ಅವನ ನಂಬರು ಇರುತ್ತದೆ. ಯುಗಾದಿಗೆ ಬೇವು ಬೆಲ್ಲ, ದೀಪಾವಳಿಗೆ ಫರಾಳ ಮೊದಲು ಹೋಗುವುದು ಅವನ ಮನೆಗೆ.

ಹಾಗಾಗಿ ಫಾಲ್ಸಿಗೆ ಹೊರಟ ಪ್ರತಿ ಮನೆಯಲ್ಲೂ ಒಬ್ಬರು ‘ನೀರಿಗೆ’ ಉಳಿಯುತ್ತಾರೆ. ಸಾಮಾನ್ಯವಾಗಿ ಅದು ಮನೆಯ ಮುದುಕಿ. ಜಲಪಾತ ಕಂಡಿರದವರೂ ಅವರೇ, ಕೊಡ ಹಿಡಿದು ಕಾಯುವವರೂ ಅವರೇ.

ಮಾಗೋಡಿನ ವ್ಯೂ ಪಾಯಿಂಟಿನಲ್ಲಿ ಒಂದು ಮೂಲೆಗೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಮಧ್ಯಾಹ್ನ ಆ ಮೂಲೆಯಿಂದ ಒಬ್ಬ ಕೂಗಿದ, ‘ನಮ್ಮ ಏರಿಯಾಕ ನೀರ ಬಿಟ್ಟಾರಂತೋ!’ ಕಟಕಟೆಗೆ ಆತು ನಿಂತಿದ್ದ ಹತ್ತಾರು ಮಂದಿ ಬೀಳುತ್ತಿದ್ದ ಬೇಡ್ತಿಗೆ ಬೆನ್ನು ತಿರುಗಿಸಿ ಮೊಬೈಲು ಎತ್ತಿಕೊಂಡರು. ‘ಸಿಂಟೆಕ್ಸ್ ತುಂಬಿತೇನು?’ ‘ಮೋಟರ್ ಹಚ್ಚು, ಆಜೂಬಾಜೂದವ್ರು ಎಳಕೊಳ್ಳೂಕ್ಕಿಂತ ಮೊದಲ ಹಚ್ಚು!’ ಮಂಜು ಸರಿದು ಫಾಲ್ಸು ಪೂರಾ ಕಂಡದ್ದು ಅದೇ ಹೊತ್ತಿಗೆ. ನೋಡಿದವರು ಕಡಿಮೆ.

ಒಬ್ಬ ಹುಡುಗ ಮಾತ್ರ ಅವ್ವನಿಗೆ ವಿಡಿಯೊ ಕಾಲ್ ಹಚ್ಚಿ ಮೊಬೈಲನ್ನು ಕಣಿವೆಗೆ ಹಿಡಿದ. ಪರದೆಯ ಆ ಕಡೆ ಮುದುಕಿ ಸೀರೆ ಎತ್ತಿ ಸಿಗಿಸಿಕೊಂಡು, ಪೈಪನ್ನು ಬ್ಯಾರಲ್ಲಿನಿಂದ ಹಂಡೆಗೆ ದಾಟಿಸುತ್ತಿದ್ದಳು.

‘ಯವ್ವಾ, ನೋಡಿಲ್ಲೆ, ಎಷ್ಟ ಜೋರ ಬೀಳಾಕತ್ತೈತಿ!’

‘ಯಪ್ಪಾ ಯಪ್ಪಾ. ಹಗಲೂ ರಾತ್ರಿ ಹಿಂಗ ಬರ್ತಾವೇನೋ?’

‘ಹೂಂ. ಬಂದ್ ಆಗೂದ ಇಲ್ಲ.’

ಮುದುಕಿ ಪೈಪು ಹಿಡಿದೇ ಪರದೆಯ ಹತ್ತಿರ ಬಂದಳು. ‘ಹಂಗಾರ ಅಲ್ಲೆ ವಾಲ್ವಮನ್ ಯಾರದಾನ ಕೇಳು. ಅಂವನ ನಂಬರ ಇಸ್ಕೊಂಡ ಬಾ.’