ಕತ್ತಲಾಗಿದೆಯೇ? ಕ್ಲೌಡನ್ನು ಕೇಳಿ ಹೇಳ್ತೀವಿ

ಕತ್ತಲಾದರೆ ಹೊತ್ತಿಕೊಳ್ಳಬೇಕು, ಬೆಳಗಾದರೆ ಆರಬೇಕು. ಬೀದಿದೀಪಕ್ಕೆ ಇದಕ್ಕಿಂತ ಹೆಚ್ಚಿನ ಉದ್ಯೋಗವಿಲ್ಲ. ಬೆಳಕು ಬಿದ್ದರೆ ವಿದ್ಯುತ್ ರೋಧ ಇಳಿಯುವ ಎಲ್‌ಡಿಆರ್ ಎಂಬ ಪುಟ್ಟ ಬಿಡಿಭಾಗವೊಂದು ಈ ಕೆಲಸವನ್ನು ದಶಕಗಳ ಕಾಲ ಬಾಯಿ ಮುಚ್ಚಿಕೊಂಡು ಮಾಡಿತು. ಅದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ, ವರ್ಷ ವರ್ಷ ಚಂದಾ ಕಟ್ಟಬೇಕಿರಲಿಲ್ಲ. ಅದೇ ಅದರ ದೋಷ. ಉದ್ಘಾಟನೆ ಮಾಡಲು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ನಗರ ಸ್ಮಾರ್ಟ್ ಆಯಿತು. ಕಂಬಕ್ಕೆ ಸೆನ್ಸರ್ ಬಂತು, ಸೆನ್ಸರ್‌ಗೆ ಸಿಮ್ ಬಂತು. ಕತ್ತಲಾಗಿದೆಯೇ ಎಂಬ ಪ್ರಶ್ನೆ ಕ್ಲೌಡ್‌ಗೆ, ಅಂದರೆ ಸಾವಿರ ಕಿಲೋಮೀಟರ್ ಆಚೆಯ ಡೇಟಾ ಸೆಂಟರ್‌ಗೆ ಹೋಗಿ, ‘ಹೌದು, ಆಗಿದೆ’ ಎಂಬ ಉತ್ತರದೊಂದಿಗೆ ವಾಪಸ್ ಬರತೊಡಗಿತು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಬರೀ ಹೋಗಿಬರಲು 10 ಮಿಲಿಸೆಕೆಂಡ್ ಸಾಕು. ನೆಟ್‌ವರ್ಕ್ ಕೈಕೊಟ್ಟ ರಾತ್ರಿ ಮಾತ್ರ ಕಂಬ ಮೇಲಿನವರ ಆದೇಶಕ್ಕೆ ಕಾಯುತ್ತ ನಿಲ್ಲುತ್ತದೆ. ಸರ್ಕಾರಿ ಆಸ್ತಿಯಲ್ಲವೇ, ಸಂಸ್ಕಾರ ಬಿಟ್ಟೀತೇ?

ಇದಕ್ಕೆ ಮದ್ದಾಗಿ ಬಂದದ್ದು ಫಾಗ್ ಕಂಪ್ಯೂಟಿಂಗ್. 2012ರಲ್ಲಿ ನೆಟ್‌ವರ್ಕ್ ಉಪಕರಣ ಮಾರುವ ಸಿಸ್ಕೋ ಕಂಪನಿಯವರು ಮುಂದಿಟ್ಟ ವಿಚಾರ: ಬೀದಿಯಲ್ಲೇ ಒಂದು ಪೆಟ್ಟಿಗೆ ಇಡಿ, ಅವಸರದ ತೀರ್ಮಾನ ಅಲ್ಲೇ ಆಗಲಿ, ಸಾರಾಂಶ ಮಾತ್ರ ಕ್ಲೌಡ್‌ಗೆ ಹೋಗಲಿ. ಅಂದರೆ ಕತ್ತಲಾಯಿತೋ ಇಲ್ಲವೋ ಎಂಬುದು ಇನ್ನು ಕಂಬದ ಬುಡದಲ್ಲೇ ನಿರ್ಧಾರವಾಗುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದದ್ದಾಯಿತು, ದಾರಿಯುದ್ದಕ್ಕೂ ಟೋಲ್ ಕಟ್ಟಿದ್ದೂ ಆಯಿತು.

ಕ್ಯಾಮೆರಾ ವಿಷಯದಲ್ಲಿ ಪೆಟ್ಟಿಗೆಯನ್ನು ಬೈಯುವ ಹಾಗಿಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಕಕ್ಕುವ ಒಂದು ಟ್ರಾಫಿಕ್ ಕ್ಯಾಮೆರಾ ದಿನಕ್ಕೆ 43 ಜಿಬಿ ಗುಡ್ಡೆ ಹಾಕುತ್ತದೆ. ಅಷ್ಟನ್ನೂ ಮೇಲಕ್ಕೆ ಹೊರುವ ಬದಲು ಜಂಕ್ಷನ್‌ನಲ್ಲೇ ಗಾಡಿ ಎಣಿಸಿ ಸಿಗ್ನಲ್ ಬದಲಿಸುವುದು ಜಾಣತನ. ತಿಂಗಳುಗಟ್ಟಲೆ ಲೆಕ್ಕ ಕೂಡಿಸಿ ನೋಡಲು ಕ್ಲೌಡೇ ಸರಿ. ಆದರೆ ಇಷ್ಟರಿಂದ ಟೆಂಡರ್ ದಪ್ಪಗಾಗುತ್ತದೆಯೇ? ಹಾಗಾಗಿ ಕಸದ ತೊಟ್ಟಿಗೂ ಯೋಗ ಕೂಡಿಬಂತು.

ತೊಟ್ಟಿಯ ಮುಚ್ಚಳದಡಿಯ ಅಲ್ಟ್ರಾಸಾನಿಕ್ ಸೆನ್ಸರ್ ಪ್ರತಿಧ್ವನಿ ಹಿಡಿದು, ಶೇ. 80 ತುಂಬಿದೆ ಎನ್ನುತ್ತದೆ. ಫಾಗ್ ನೋಡ್, ಅಂದರೆ ಬೀದಿಯ ಆ ಪೆಟ್ಟಿಗೆ, ಕ್ಷಣಾರ್ಧದಲ್ಲಿ ಒಪ್ಪುತ್ತದೆ. ಕ್ಲೌಡ್ ಅದನ್ನು ಕಂಟ್ರೋಲ್ ರೂಮಿನ ಗೋಡೆಯಗಲದ ಪರದೆಯ ಮೇಲೆ ಕೆಂಪು ಚುಕ್ಕಿ ಮಾಡುತ್ತದೆ. ಲಾರಿ ಮಂಗಳವಾರ ಬರುತ್ತದೆ. ಯಾಕೆಂದರೆ ಲಾರಿ ಬರುವುದೇ ಮಂಗಳವಾರ. ಪರದೆಯೆಲ್ಲ ಕೆಂಪಾದಾಗ ತುರ್ತು ಸಭೆ ಸೇರುತ್ತದೆ. ಇನ್ನೊಂದು ಲಾರಿ ತರೋಣ ಎಂದವರಿಗೆ, ಯೋಜನೆಯ ವ್ಯಾಪ್ತಿಯಲ್ಲಿ ಲಾರಿ ಬರುವುದಿಲ್ಲ ಎಂದು ತಿಳಿಹೇಳಲಾಗುತ್ತದೆ. ಕೊನೆಗೆ ಎಂಜಿನಿಯರೊಬ್ಬರು ಕೀಬೋರ್ಡ್ ಎಳೆದುಕೊಂಡು, ಚುಕ್ಕಿ ಕೆಂಪಾಗುವ ಮಿತಿ 80 ಇದ್ದದ್ದನ್ನು 98 ಮಾಡುತ್ತಾರೆ. ಪರದೆ ಹಸಿರಾಗುತ್ತದೆ. ಚಪ್ಪಾಳೆ.