ಕಂಪ್ರೆಸರ್ ಬಿಚ್ಚುವ ಮೊದಲು ಸೋರಿಕೆ ನೋಡಿ

ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕುಳ್ಳ ಭಾರಿ ಯಂತ್ರಗಳಲ್ಲಿ ಆ ಒತ್ತಡ ಏರದಿದ್ದರೆ, ಟ್ಯಾಂಕುಗಳಿಗೆ ಗಾಳಿ ತುಂಬುವ ಕಂಪ್ರೆಸರನ್ನೇ ಬದಲಿಸಬೇಕೆಂದು ಒಂದು ಲೇಖನದಲ್ಲಿ ಹೇಳಿರುವುದು ಅವಸರದ ಸಲಹೆ. ಮೊದಲು ಯಂತ್ರದ ಚಕ್ರಗಳಿಗೆ ಅಡೆ ಕೊಟ್ಟು, ಟ್ಯಾಂಕುಗಳು ಪೂರ್ತಿ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ ಗೇಜಿನ ಮುಳ್ಳನ್ನು ಗಮನಿಸಬೇಕು. ಪೆಡಲ್ ಮುಟ್ಟದಿದ್ದರೂ ಮುಳ್ಳು ಬೇಗ ಇಳಿದರೆ ಟ್ಯಾಂಕು, ಪೈಪುಗಳ ಕಡೆ ಸೋರಿಕೆಯಿದೆ ಎಂದರ್ಥ, ಪೆಡಲ್ ಒತ್ತಿ ಹಿಡಿದಾಗ ಮಾತ್ರ ಇಳಿದರೆ ಬ್ರೇಕ್ ಚೇಂಬರಿನ (ಗಾಳಿಯ ಒತ್ತಡದಿಂದ ಚಕ್ರದ ಬ್ರೇಕನ್ನು ಒತ್ತುವ ಡಬ್ಬಿಯ) ಡಯಾಫ್ರಾಮ್ ಎಂಬ ರಬ್ಬರ್ ಪೊರೆ ಅಥವಾ ಅಲ್ಲಿಗೆ ಹೋಗುವ ಹೋಸ್ ಹರಿದಿರಬಹುದು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನಲ್ಲಿ ಆ ನೀರನ್ನು ಹೊರಬಿಡುವ ಪರ್ಜ್ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ ಸದಾ ಬುಸುಗುಡುವುದನ್ನು ಹಲವರು ಕಡೆಗಣಿಸುತ್ತಾರೆ. ಸೋರಿಕೆ ಇಲ್ಲವೆಂದಾದರೆ ಒತ್ತಡದ ಮಿತಿ ನಿಯಂತ್ರಿಸುವ ಗವರ್ನರ್, ಗಾಳಿ ಫಿಲ್ಟರ್ ಮತ್ತು ಕಂಪ್ರೆಸರಿನಿಂದ ಗಾಳಿ ಹೊರಬರುವ, ಒಳಗೆ ಇಂಗಾಲ ಕಟ್ಟಿದ ಡಿಸ್ಚಾರ್ಜ್ ಪೈಪನ್ನು ನೋಡಬೇಕು. ಟ್ಯಾಂಕಿನಿಂದ ನೀರು ಬಿಡುವಾಗ ಅದರೊಂದಿಗೆ ಎಣ್ಣೆಯೂ ಹೆಚ್ಚಾಗಿ ಬಂದರೆ ಆಗ ಕಂಪ್ರೆಸರಿನ ಪಿಸ್ಟನ್ ರಿಂಗುಗಳನ್ನು ಶಂಕಿಸುವುದು ಸರಿ. ಒತ್ತಡ ಸುಮಾರು 60 ಪಿಎಸ್‌ಐಗೆ ಇಳಿದು ಎಚ್ಚರಿಕೆಯ ಬಜರ್ ಕೂಗುತ್ತಿದ್ದರೆ, ದಯವಿಟ್ಟು ಯಾರೂ ಯಂತ್ರವನ್ನು ಮುಂದಕ್ಕೆ ನಡೆಸಬೇಡಿ.